ಗೊಂಬಿ ಮೇಡಂ ಮತ್ತು ನನ್ನ ತಲೆ

ಮೊನ್ನೆ ಜಮಖಂಡಿಯಲ್ಲಿ ಮೇಡಂ ಅವರ ಬೀಳ್ಕೊಡುಗೆ ಆಯಿತು. ಶಾಲು, ಹಣ್ಣಿನ ಬುಟ್ಟಿ, ಫೋಟೋ ಎಲ್ಲ ಮುಗಿದ ಮೇಲೆ ಪ್ರಾಚಾರ್ಯರು ಮೈಕಿನಲ್ಲಿ, "ಯಾರರೆ ಎರಡು ಮಾತು ಆಡ್ರಿ" ಎಂದರು. ಯಾರೂ ಏಳಲಿಲ್ಲ. ಯಾರಾದರೂ ಎಂದು ಕರೆದರೆ ಯಾರೂ ಏಳುವುದಿಲ್ಲ ಎನ್ನುವುದು ಮೇಡಂ ತಮ್ಮ ನೌಕರಿಯುದ್ದಕ್ಕೂ ಹೇಳಿಕೊಟ್ಟ ಪಾಠ. ರಸ್ತೆಯಲ್ಲಿ ಒಬ್ಬ ಬಿದ್ದಿದ್ದಾನೆ. "ಯಾರರೆ ಆಂಬುಲೆನ್ಸಿಗೆ ಫೋನ್ ಹಚ್ರಿ" ಎಂದು ಕೂಗಿದರೆ, ಇನ್ನೊಬ್ಬ ಹಚ್ಚಿರುತ್ತಾನೆ ಎಂದುಕೊಂಡು ಸುತ್ತಲಿನವರೆಲ್ಲ ಕೈ ಕಟ್ಟಿ ನಿಲ್ಲುತ್ತಾರೆ. ಅದಕ್ಕೇ ಒಬ್ಬನನ್ನು ಆರಿಸಿ ಬೆರಳು ಮಾಡಬೇಕು. "ನೀ, ನೀಲಿ ಅಂಗಿ. ನೂರಾ ಎಂಟಕ್ಕ ಹಚ್ಚು. ಹಚ್ಚಿ, ನನಗ ಬಂದು ಹೇಳು."

ವೇದಿಕೆಯ ಮೇಲೆ ಮೇಡಂ ಶಾಲು ಸರಿಮಾಡಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಕಡೆ ಬೆರಳು ಮಾಡಿದರು.

"ನೀ, ಬಿಳಿ ಅಂಗಿ."

ಎದ್ದು ಹೋಗಿ ಮೈಕು ಹಿಡಿದೆ. "ಮೇಡಂ ಭಾಳ ಛಲೋ ಇದ್ರು" ಎಂದೆ.

"ಇನ್ನೂ ಇದ್ದೀನೋ ತಮ್ಮಾ" ಎಂದರು ಮೇಡಂ.

ಜನ ನಕ್ಕ ನಗುವಿನಲ್ಲಿ ನಾನು ಇಳಿದು ಬಂದೆ. ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ಏಳನೆಯ ತರಗತಿಯವರೆಗೆ. ಅಕ್ಷರ ತಪ್ಪಿದ ಕಡೆ ತಂಗಿ ತಿದ್ದಿಕೊಡುತ್ತೇನೆ ಎಂದಿದ್ದಾಳೆ.

ಮೇಡಂ ಅವರ ಹೆಸರು ಬರೆಯುವುದಿಲ್ಲ. ನಮ್ಮೂರು ಬನಹಟ್ಟಿಯಲ್ಲಿ ಅದು ಯಾರಿಗೂ ಗೊತ್ತಿಲ್ಲ ಕೂಡ. ನಮ್ಮ ಓಣಿಗೆ ಅವರು ಗೊಂಬಿ ಮೇಡಂ. ಹತ್ತನೆಯದು ಮುಗಿಸಿದ ಹುಡುಗ ಹುಡುಗಿಯರಿಗೆ ಆಸ್ಪತ್ರೆ ಕೆಲಸ ಕಲಿಸುವ ಜಮಖಂಡಿಯ ಒಂದು ಕಾಲೇಜಿನಲ್ಲಿ ಪ್ರಥಮ ಚಿಕಿತ್ಸೆಯ ಪಾಠ ಅವರದು. ಗುಂಡಗಿನ ಹೆಂಗಸು, ಗಂಜಿ ಹಾಕಿದ ಸೀರೆ, ಕಾಲಿಗೆ ಗಂಡಸರ ಬೂಟು. ಓಡುವ ಹೊತ್ತಿಗೆ ಚಪ್ಪಲಿಯನ್ನು ನಂಬಬಾರದು ಎನ್ನುತ್ತಿದ್ದರು. ಮನೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಗೊಂಬೆ ಎಂದರೆ, ನಿಂತ ಎದೆಯನ್ನು ಒತ್ತಿ ನಡೆಸುವುದು ಹೇಗೆಂದು ಕಲಿಯಲು ಇರುವ ರಬ್ಬರಿನ ಅರ್ಧ ಮನುಷ್ಯ. ತಲೆ, ಎದೆ, ಹೊಟ್ಟೆ ಇದೆ. ಸೊಂಟದ ಕೆಳಗೆ ಏನೂ ಇಲ್ಲ. ಮೇಡಂ ಅದಕ್ಕೆ ತಮ್ಮ ಯಜಮಾನರ ಹಳೆಯ ಅಂಗಿ ತೊಡಿಸಿದ್ದರು. ಊರೂರಿಗೆ ಹೋಗಿ ಕಲಿಸುವಾಗ ಅದನ್ನು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂರಿಸಿಕೊಳ್ಳುತ್ತಿದ್ದರು. ಒಮ್ಮೆ ನಡೆದದ್ದನ್ನು ತಂಗಿ ಮನೆಗೆ ಬಂದು ಹೇಳಿದ್ದಳು. ಅವಳು ಅವರ ವಿದ್ಯಾರ್ಥಿನಿ, ಹಿಂದಿನ ಸೀಟಿನಲ್ಲೇ ಇದ್ದಳು.

ಕಂಡಕ್ಟರ್ ಬಂದು, "ಅಕ್ಕಾರ, ನಿಮ್ದು ಫ್ರೀ ಐತ್ರಿ. ಇವರದು ಟಿಕೆಟ್ ತಗೋಬೇಕಾಗತೈತಿ" ಎಂದನಂತೆ.

"ಇವ್ರಿಗೆ ಉಸಿರ ಇಲ್ಲೋ ತಮ್ಮಾ."

"ಅದು ನಮ್ಮ ರೂಲ್ಸಿನ್ಯಾಗ ಬರೂದಿಲ್ರಿ. ಗಂಡಸರ ಅಂಗಿ ಹಾಕ್ಯಾರ, ಸೀಟು ಹಿಡದಾರ."

ಮೇಡಂ ತಂಗಿಯ ಓಢಣಿ ಎಳೆದು ಗೊಂಬೆಯ ತಲೆಗೆ ಹೊದಿಸಿದರು. "ಈಗ?"

"ಈಗ ಆಧಾರ್ ಕಾರ್ಡ್ ತೋರಸ್ರಿ."

ಜಮಖಂಡಿ ಬರುವವರೆಗೂ ಬಸ್ಸಿಗೆ ಬಸ್ಸೇ ನಗುತ್ತಿತ್ತಂತೆ. ಆದರೆ ಇಳಿಯುವ ಮೊದಲು ಆ ಕಂಡಕ್ಟರನ ಕೈಯಿಂದಲೇ ಗೊಂಬೆಯ ಎದೆ ಒತ್ತಿಸಿ, "ಇನ್ನೂ ಜೋರು, ಇದು ಟಿಕೆಟ್ ಹರಿಯೂದಲ್ಲ" ಎಂದು ಬೆವರಿಳಿಸಿ ಬಿಟ್ಟಿದ್ದರು.

ಅವರು ಬೈದು ಕಲಿಸುವವರಲ್ಲ, ನಕ್ಕು ಕಲಿಸುವವರು. ನಮ್ಮ ಓಣಿಗೆ ಮೊದಲ ಸಲ ಬಂದಾಗ ಒಬ್ಬ ಮುದುಕ ನೇಕಾರರ ಹೆಬ್ಬೆರಳಿಗೆ ಕಪ್ಪು ಚಿಂದಿ ಸುತ್ತಿತ್ತು.

"ಕಾಕಾ, ಇದೇನ್ರಿ?"

"ಪಟ್ಟಿ ರಿ ಬಾಯಾರ. ಮಗ್ಗದಾಗ ಬಟ್ಟು ಕೊಯ್ತು."

"ಈ ಅರಿವಿ ಯಾವಾಗ ತೊಳದೀರಿ?"

"ಅದನ್ನ ಯಾಕ ತೊಳಿಯೂದು? ಅದು ಮಗ್ಗದ ಎಣ್ಣಿ ಒರಸೂದು."

ಮೇಡಂ ನಗುತ್ತ ನಗುತ್ತ ನೂಲಿನ ಗಂಟಿನ ಮೇಲೆಯೇ ಕುಳಿತುಬಿಟ್ಟರು. ನಕ್ಕು ಮುಗಿದ ಮೇಲೆ ಎದ್ದು, ಮುದುಕರ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತಾವೇ ತೊಳೆದರು. ಅಂದಿನಿಂದ ನಮ್ಮ ಓಣಿಯಲ್ಲಿ ಗಾಯಕ್ಕೆ ಎಣ್ಣೆ ಚಿಂದಿ ಸುತ್ತಲು ಎಲ್ಲರಿಗೂ ನಾಚಿಕೆ. ಆ ನಗು ನೆನಪಾಗುತ್ತದೆ.

ಇನ್ನು ನನ್ನ ತಪ್ಪಿಗೆ ಬರಬೇಕು.

ಮೇಡಂ ಅವರ ಕಾಲೇಜಿಗೂ ಫಿನ್ಲೆಂಡ್ ದೇಶದ ಇಂಥದೇ ಒಂದು ಶಾಲೆಗೂ ಒಪ್ಪಂದ ಆಗಿತ್ತು. ವರ್ಷಕ್ಕೊಮ್ಮೆ ಇಲ್ಲಿಂದ ಇಬ್ಬರು ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯುವುದು, ಜೊತೆಗೆ ಮೇಡಂ. ಖರ್ಚೆಲ್ಲ ಆ ಶಾಲೆಯದು. ಮೊದಲ ವರ್ಷವೇ ನನ್ನ ತಂಗಿಯ ಹೆಸರು ಬಂತು. ಹೇಳಲು ಮೇಡಂ ಅವರೇ ಮನೆಗೆ ಬಂದರು. ಅವ್ವ ಅವರಿಗೆ ಚಹಾ ಕೊಡುವುದನ್ನು ಮರೆತು ಓಣಿಗೆಲ್ಲ ಹೇಳಲು ಹೋದಳು. ತಂಗಿ ಬಾಗಿಲ ಹಿಂದೆ ನಿಂತು ಓಢಣಿಯ ತುದಿ ಕಚ್ಚುತ್ತಿದ್ದಳು.

ನಾನು ನಕ್ಕೆ. ಒಳಗೆ ಏನೋ ಉರಿಯಿತು. ಅಪ್ಪ ತೀರಿಕೊಂಡ ಮೇಲೆ ಸಾಲಿ ಬಿಟ್ಟು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವನು ನಾನು. ಆಮೇಲೆ ಟಂಟಂ ಎನ್ನುವ ಮೂರು ಗಾಲಿಯ ಗಾಡಿ ಹಿಡಿದು ರಬಕವಿಯಿಂದ ಬನಹಟ್ಟಿಗೆ, ಬನಹಟ್ಟಿಯಿಂದ ರಬಕವಿಗೆ ನೂಲಿನ ಗಂಟು ಹೊತ್ತವನು ನಾನು. ಕೊಲ್ಲಾಪುರದ ಆಚೆ ಏನಿದೆ ಎಂದು ನೋಡಿದವನಲ್ಲ. ನನ್ನ ಕೈ ಹಿಡಿದು ಸಾಲಿಗೆ ಹೋಗುತ್ತಿದ್ದ ಹುಡುಗಿ ವಿಮಾನ ಹತ್ತುತ್ತಾಳೆ. ಮಂದಿ ಏನು ಅಂದಾರು, ಮುಂದೆ ಮದುವೆಗೆ ತೊಂದರೆ ಆದೀತು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಮೇಲಿನ ಮಾತು. ಹೊಟ್ಟೆಕಿಚ್ಚು ಅದು, ಬೇರೆ ಹೆಸರಿಲ್ಲ.

ಯಾರಿಗೂ ಹೇಳದೆ ಟಂಟಂ ಹೊಡೆದುಕೊಂಡು ಜಮಖಂಡಿಗೆ ಹೋದೆ. ಕಾಲೇಜಿನ ಗೇಟಿನಲ್ಲಿ ಮೇಡಂ ಸಿಕ್ಕರು.

"ಅವ್ವಗ ಎದಿ ಬ್ಯಾನಿ ಐತ್ರಿ" ಎಂದೆ. "ಮಗಳು ಅಷ್ಟು ದೂರ ಹ್ವಾದ್ರ ತಡಕೊಳ್ಳೂದಿಲ್ಲ. ತಂಗಿಗೆ ಗೊತ್ತಿಲ್ರಿ, ಹೇಳಬ್ಯಾಡ್ರಿ, ಗಾಬರಿ ಆಗ್ತಾಳ. ಹೆಸರು ತಗದಬಿಡ್ರಿ."

ಮೇಡಂ ಮುಖ ಸಣ್ಣದಾಯಿತು. ನನ್ನ ಭುಜ ತಟ್ಟಿದರು. ಹೆಸರು ಕಳಿಸಲು ಅಂದೇ ಕೊನೆಯ ದಿನ. ತಂಗಿಯ ಬದಲು ಬೀಳಗಿಯ ಒಬ್ಬ ಹುಡುಗಿಯ ಹೆಸರು ಹೋಯಿತು.

ಸುಳ್ಳು ಹೇಳುವವನಿಗೆ ಇಷ್ಟಾದರೂ ಬುದ್ಧಿ ಬೇಡವೇ? ಪ್ರಥಮ ಚಿಕಿತ್ಸೆ ಕಲಿಸುವ ಮೇಡಂಗೆ ಹೋಗಿ ಎದೆ ನೋವು ಎಂದು ಹೇಳಿದವನು ಈ ನಾಲ್ಕು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮರುದಿನ ಬೆಳಿಗ್ಗೆ, ತಂಗಿ ಕಾಲೇಜಿನ ಬಸ್ಸು ಹತ್ತಿದ ಹೊತ್ತು ನೋಡಿ, ಬಿ.ಪಿ. ನೋಡುವ ಯಂತ್ರ ಬಗಲಲ್ಲಿಟ್ಟುಕೊಂಡು ಅವರು ನಮ್ಮ ಬಾಗಿಲಿಗೆ ಬಂದರು.

ಅವ್ವ ಮಾಳಿಗೆಯ ಮೇಲೆ ಶಾವಿಗೆ ಹರವುತ್ತಿದ್ದಳು. "ಬರ್ರಿ ಬಾಯಾರ, ಮ್ಯಾಲೆ ಬರ್ರಿ. ಏಣಿ ಗಟ್ಟಿ ಐತಿ."

"ನೀವು ಈ ಏಣಿ ಹತ್ತಿ ಹೋದ್ರೇನು?"

"ಮುಂಜಾನಿಂದ ಹತ್ತೂದು ಇಳಿಯೂದು ನಡದೈತಿ. ಇಲ್ಲಂದ್ರ ಶಾವಿಗಿ ಯಾರ ಹೊರತಾರ, ನನ್ನ ಮಗ?"

ಮೇಡಂ ಸೀರೆ ಎತ್ತಿ ಕಟ್ಟಿ, ಬೂಟು ಊರಿ, ಏದುಸಿರು ಬಿಡುತ್ತ ಮೇಲೆ ಹೋದರು. ಅವ್ವನ ನಾಡಿ ಹಿಡಿದರು, ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಅವ್ವ ಇನ್ನೊಂದು ಕೈಯಿಂದ ಶಾವಿಗೆ ಹರವುತ್ತಲೇ ಇದ್ದಳು. "ನಿಮಗ ಭಾಳ ದಮ್ಮ ಹತ್ತೈತಿ ಬಾಯಾರ, ನಿಮ್ಮದ ನೋಡಕೋರಿ ಮೊದಲ" ಎಂದು ತಂಬಿಗೆ ನೀರು ಕೊಟ್ಟಳು.

ಮೇಡಂ ನೀರು ಕುಡಿದು ಮಾಳಿಗೆಯ ಅಂಚಿಗೆ ಬಂದು ಅಂಗಳದಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಆ ಹೊತ್ತು ಮಾತ್ರ ಅವರು ನಗಲಿಲ್ಲ.

ಇಳಿದು ಬಂದ ಮೇಲೆ ಸಣ್ಣ ದನಿಯಲ್ಲಿ ಹೇಳಿದರು: "ಆ ಬೀಳಗಿ ಹುಡುಗಿಗೆ ಹೇಳಿ ಆಗ್ಯದ. ಆಕಿ ಮನ್ಯಾಗ ಪೇಢೆ ಹಂಚ್ಯಾರ. ಅದನ್ನ ಕಸಗೊಳ್ಳಿಕ್ಕೆ ನನ್ನ ಕಡಿಂದ ಆಗಂಗಿಲ್ಲ. ನಿನ್ನ ತಂಗಿಗೆ ಏನ್ ಹೇಳ್ಲಿ?"

ಉತ್ತರವನ್ನೂ ಅವರೇ ಹೇಳಿದರು:

"ನಿನ್ನ ತಪ್ಪಿಲ್ಲ ಅಂತ ಹೇಳ್ತೀನಿ. ಅದು ಖರೆ ಅದ. ಯಾರ ತಪ್ಪು ಅನ್ನೂದನ್ನ ನೀನ ಹೇಳು. ನಾ ಹೇಳಂಗಿಲ್ಲ."

ನಾನು ಹೇಳಲಿಲ್ಲ. ಇವತ್ತು, ನಾಳೆ, ಹಬ್ಬ ಮುಗಿಯಲಿ ಎಂದು ದಿನ ದೂಡಿದೆ. ನಿನ್ನ ತಪ್ಪಿಲ್ಲ ಎಂದ ಮೇಡಂ ಮಾತನ್ನು ತಂಗಿ ಸಮಾಧಾನಕ್ಕೆ ಆಡಿದ ಮಾತು ಎಂದುಕೊಂಡಳು. ಪರೀಕ್ಷೆಯ ದಿನ ಗೊಂಬೆಯ ಎದೆ ಒತ್ತುವಾಗ ಅವಳಿಗೆ ಒಮ್ಮೆ ಎಣಿಕೆ ತಪ್ಪಿತ್ತಂತೆ. ಅದಕ್ಕೇ ಹೆಸರು ಹೋಯಿತು ಎಂದು ತಾನೇ ತೀರ್ಮಾನಿಸಿ, ಅವ್ವನಿಗೂ ಹಾಗೆಯೇ ಹೇಳಿ, ರಾತ್ರಿ ಹೊತ್ತು ದಿಂಬನ್ನು ಒತ್ತುತ್ತ ಎಣಿಸುತ್ತಿದ್ದಳು.

ಆ ವರ್ಷ ಮೇಡಂ ಬೀಳಗಿಯ ಹುಡುಗಿಯನ್ನೂ ಇನ್ನೊಬ್ಬ ಹುಡುಗನನ್ನೂ ಕರೆದುಕೊಂಡು ಹೋಗಿ ಬಂದರು. ಬಂದ ಮೇಲೆ ಅವರು ಮಾತೆತ್ತಿದರೆ ಫಿನ್ಲೆಂಡ್. ಅಲ್ಲಿ ಹಿಮದಲ್ಲೇ ಮಲಗಿಸಿ ಕಲಿಸುತ್ತಾರೆ. ರೋಗಿಯ ವೇಷ ಹಾಕಿದ ವಿದ್ಯಾರ್ಥಿಗೆ ಬಣ್ಣದಿಂದ ಖರೆ ಗಾಯದಂತೆ ಗಾಯ ಬರೆಯುತ್ತಾರೆ. "ಅಲ್ಲೆ ಯಾರರೆ ಬಿದ್ರ ಮಂದಿ ಕೂಡಂಗಿಲ್ಲ. ನಮ್ಮಲ್ಲೆ ಬಿದ್ರ ಮಂದಿ ಸರಿಯಂಗಿಲ್ಲ. ನಾನು ಎರಡಕ್ಕೂ ಪಾಠ ಮಾಡಬೇಕು" ಎನ್ನುತ್ತಿದ್ದರು. ನಮ್ಮಲ್ಲಿ ಬಿದ್ದವನನ್ನು ನಾಲ್ಕು ಮಂದಿ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿ ಬಾಯಿಗೆ ನೀರು ಹಾಕುವುದೇ ದೊಡ್ಡ ಉಪಕಾರ. ಕುತ್ತಿಗೆ ಮುರಿದಿದ್ದರೆ ಆ ಉಪಕಾರದಲ್ಲೇ ಅವನ ಕಥೆ ಮುಗಿಯುತ್ತದೆ. ಅದನ್ನು ಬಿಡಿಸುವುದು ಮೇಡಂಗೆ ಹಟವಾಯಿತು.

ಊರೂರಿಗೆ ಗೊಂಬೆ ಹೊರಲು ಒಂದು ಗಾಡಿ ಬೇಕಿತ್ತು. ಬೆರಳು ನನ್ನ ಕಡೆ ತಿರುಗಿತು. "ನೀ, ಟಂಟಂ." ನನಗೆ ಇಲ್ಲ ಎನ್ನಲಾಗಲಿಲ್ಲ. ಭಾನುವಾರಗಳಲ್ಲಿ ಅವರ ಸಾರಥಿಯಾದೆ. ದಾರಿಯುದ್ದಕ್ಕೂ ಶೇಂಗಾ ತಿನ್ನುತ್ತ, ಸಿಪ್ಪೆಯನ್ನು ಗೊಂಬೆಯ ಅಂಗಿಯ ಜೇಬಿಗೆ ತುಂಬುತ್ತ, ತಮ್ಮ ಅತ್ತೆಯ ಕಥೆ ಹೇಳುತ್ತಿದ್ದರು. ನನ್ನ ಸುಳ್ಳಿನ ಮಾತು ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ಹಗುರಾಗುತ್ತಿತ್ತೇನೋ.

ಮರುವರ್ಷ ಮತ್ತೆ ಹೆಸರು ಕಳಿಸುವ ಕಾಲ ಬಂತು. ಮೇಡಂ ತಂಗಿಯ ಹೆಸರನ್ನೇ ಹೇಳಿದರು. ತಂಗಿ ಒಲ್ಲೆ ಎಂದಳು. "ನನಗ ಬರೂದಿಲ್ರಿ ಮೇಡಂ. ಹ್ವಾದ ಸಲ ಆಗಲಿಲ್ಲ, ಅಲ್ಲಿ ಹೋಗಿ ನಿಮ್ಮ ಮಾರಿ ಕೆಡಸೂದ ಬ್ಯಾಡ. ಬ್ಯಾರೇವ್ರನ್ನ ಕಳಸ್ರಿ." ಅವಳ ಕೋರ್ಸಿನ ಕೊನೆಯ ವರ್ಷ ಅದು. ಆ ಸಲ ತಪ್ಪಿದರೆ ತಪ್ಪಿತು.

ಸಾವಳಗಿಗೆ ಹೊರಟ ಭಾನುವಾರ ಮೇಡಂ ಶೇಂಗಾ ತಿನ್ನಲಿಲ್ಲ. "ನಾಳೆ ಹೆಸರು ಕಳಸಬೇಕು" ಎಂದರು. ಸಾವಳಗಿ ಬಂತು. ಇಳಿಯುವಾಗ, "ಗಾಯ ಎಲ್ಲ್ಯದ ಅಂತ ನನಗ ಗೊತ್ತದ ತಮ್ಮಾ. ಆದ್ರ ಪಟ್ಟಿ ಕಟ್ಟೂ ಕೈ ನಂದಲ್ಲ" ಎಂದರು.

ಸಾವಳಗಿಯಲ್ಲಿ ಅಂದು ಕಬ್ಬಿನ ಟ್ರ್ಯಾಕ್ಟರ್ ಚಾಲಕರಿಗೆ ಪಾಠ. ಹಂಗಾಮು ಶುರುವಾಗುವ ಮೊದಲು, ಟ್ರಾಲಿಯಿಂದ ಬಿದ್ದವನನ್ನು ಎತ್ತದೆ ನೋಡಿಕೊಳ್ಳುವುದು ಹೇಗೆಂದು. ವಿದ್ಯಾರ್ಥಿಗಳೆಲ್ಲ ಬಸ್ಸಿನಲ್ಲಿ ಬಂದಿದ್ದರು, ತಂಗಿಯೂ. ಬಿದ್ದವನ ಪಾತ್ರಕ್ಕೆ ಇಡೀ ಮೈ ಇದ್ದವನೊಬ್ಬ ಬೇಕಿತ್ತು.

"ನೀ, ನೀಲಿ ಅಂಗಿ."

ನೆಲದ ಮೇಲೆ ಮಲಗಿದೆ. ಫಿನ್ಲೆಂಡಿನ ಬಣ್ಣ ಇಲ್ಲಿ ಎಲ್ಲಿ ಸಿಗಬೇಕು; ಮೇಡಂ ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿ ನನ್ನ ಹಣೆಗೆ, ಕೆನ್ನೆಗೆ ಸುರಿದರು. ತಂಗಿ ನನ್ನ ತಲೆಯ ಹಿಂದೆ ಮೊಣಕಾಲೂರಿ ಕುಳಿತು ಎರಡೂ ಅಂಗೈಗಳಲ್ಲಿ ನನ್ನ ತಲೆ ಹಿಡಿದಳು.

"ನೋಡ್ರಿ" ಎಂದರು ಮೇಡಂ ಚಾಲಕರಿಗೆ. "ಕುತಗಿ ಅಲುಗಬಾರದು. ಒಮ್ಮೆ ತಲಿ ಹಿಡದ್ರ ಆಂಬುಲೆನ್ಸ್ ಬರೂತನಕ ಬಿಡಂಗಿಲ್ಲ, ಏನ ಬೇಕಾದ್ದ ಆಗ್ಲಿ. ಕಿವಿ ಮುಚ್ಚಬಾರದು, ಬಿದ್ದಾಂವಗ ನಾವು ಆಡೂದು ಕೇಳಬೇಕು."

ಒಂದು ಟ್ರ್ಯಾಕ್ಟರನ್ನೇ ಆಂಬುಲೆನ್ಸ್ ಎಂದು ಮಾಡಿ ದೂರ ಕಳಿಸಿದ್ದರು. ಅದು ತಿರುಗಿಕೊಂಡು ಬರಬೇಕು. ಬಿಸಿಲು ಏರಿತ್ತು. ಬೆಲ್ಲದ ವಾಸನೆಗೆ ಇರುವೆ ಬಂದವು. ಕೆನ್ನೆಯ ಮೇಲೆ ಸಾಲು ಹಿಡಿದು ಹತ್ತತೊಡಗಿದವು.

"ಇರಬಿ ಅದಾವ ಬೇ" ಎಂದೆ.

"ಅಲುಗಬ್ಯಾಡ, ಅಣ್ಣಾ."

ಅವಳ ಮುಖ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಹಿಂದೆ ಆಕಾಶ. ಅವಳು ತುಟಿಯಲ್ಲೇ ಏನೋ ಎಣಿಸುತ್ತಿದ್ದಳು. ಎಣಿಸುವುದು ಆ ಪಾಠದಲ್ಲಿ ಇರಲೇ ಇಲ್ಲ. ರೂಢಿಯಾಗಿಬಿಟ್ಟಿತ್ತು.

"ನಿನ್ನ ಹೆಸರು ಹ್ವಾದದ್ದು ಎಣಿಕಿ ತಪ್ಪಿದ್ದಕ್ಕಲ್ಲ" ಎಂದೆ.

"ಮಾತಾಡಬ್ಯಾಡ."

"ನಾ ಹೋಗಿ ತಗಸಿದೆ. ಅವ್ವಗ ಎದಿ ಬ್ಯಾನಿ ಐತಿ ಅಂತ ಮೇಡಂಗ ಸುಳ್ಳು ಹೇಳಿದ್ನಿ. ನನಗ ಹೊಟ್ಟಿಕಿಚ್ಚ ಆಗಿತ್ತು."

ಅವಳ ಕೈ ಗಕ್ಕನೆ ಬಿಗಿಯಾಯಿತು. ಕಣ್ಣು ತುಂಬಿ ಬಂತು. ಚಾಲಕರು ಇದೂ ಪಾಠದ ಭಾಗ ಎಂದುಕೊಂಡು ಬಾಯಿ ತೆರೆದು ನೋಡುತ್ತಿದ್ದರು.

"ಮೇಡಂ, ಬಿಡ್ಲೇನ್ರಿ ಇವನ್ನ?" ಎಂದು ಕೇಳಿದಳು. ಹಲ್ಲು ಕಚ್ಚಿಕೊಂಡೇ ಕೇಳಿದಳು.

"ಬಿಡಬ್ಯಾಡ" ಎಂದರು ಮೇಡಂ. ಯಾರೋ ತಂದುಕೊಟ್ಟ ಚಹಾವನ್ನು ಬಸಿಯಲ್ಲಿ ಹಾಕಿ ಆರಿಸುತ್ತಿದ್ದರು. "ಆಂಬುಲೆನ್ಸ್ ಇನ್ನೂ ಬಂದಿಲ್ಲ."

ತಂಗಿಯ ಅಂಗೈಗಳು ಜಾರಿ ನನ್ನ ಎರಡೂ ಕಿವಿಗಳನ್ನು ಮುಚ್ಚಿದವು. ಒತ್ತಿ ಹಿಡಿದಳು. ಆಮೇಲೆ ನನಗೆ ನನ್ನದೇ ರಕ್ತದ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಅವಳ ಕಣ್ಣಿನ ನೀರು ನನ್ನ ಹಣೆಗೆ ಬಿದ್ದು ಬೆಲ್ಲದ ರಕ್ತವನ್ನು ಕರಗಿಸಿತು. ಇರುವೆ ಕಚ್ಚಿದವು. ನಾನು ಅಲುಗಲಿಲ್ಲ. ಟ್ರ್ಯಾಕ್ಟರ್ ಬಂದು ನಿಂತು, ನಾಲ್ವರು ನನ್ನನ್ನು ಹಲಗೆಯ ಮೇಲೆ ತೆಗೆದುಕೊಳ್ಳುವವರೆಗೆ ಅವಳೂ ಕೈ ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಳು. ರೊಟ್ಟಿಯ ತಟ್ಟೆಯನ್ನು ನನ್ನ ಮುಂದೆ ಕುಕ್ಕುತ್ತಿದ್ದಳು. ಆದರೆ ಮರುದಿನ ಬೆಳಿಗ್ಗೆಯೇ ಮೇಡಂಗೆ ಫೋನು ಹಚ್ಚಿ, "ನನ್ನ ಹೆಸರು ಕಳಸ್ರಿ" ಎಂದಿದ್ದಳು.

ಹೋದಳು. ಅಲ್ಲಿಂದ ಮೊದಲ ವಿಡಿಯೋ ಬಂದದ್ದು ನನ್ನ ಫೋನಿಗೇ. ಸುತ್ತ ಬಿಳಿ ಹಿಮ, ಕಪ್ಪು ಗಿಡಗಳು, ದಪ್ಪ ಕೋಟಿನೊಳಗೆ ಅವಳ ಸಣ್ಣ ಮುಖ. "ಅಣ್ಣಾ, ಇಲ್ಲೆ ಒಬ್ಬಾಂವ ಬಿದ್ದಾನ. ಸುತ್ತ ನೋಡಿದ್ನಿ, ಬೆರಳು ಮಾಡಾಕ ಒಂದ ನೀಲಿ ಅಂಗೀನೂ ಇಲ್ಲ. ಎಲ್ಲಾ ನಾನ ಮಾಡಬೇಕಾತು." ಅವ್ವ ಅದನ್ನು ಓಣಿಯ ಪ್ರತಿಯೊಂದು ಮನೆಗೂ ಒಯ್ದು ತೋರಿಸಿದಳು. ಅವ್ವನ ಎದೆಗೆ ಏನೂ ಆಗಲಿಲ್ಲ.

ಈಗ ತಂಗಿ ಮುಧೋಳದಲ್ಲಿ ಆಂಬುಲೆನ್ಸಿನ ಕೆಲಸದಲ್ಲಿದ್ದಾಳೆ. ಮೇಡಂ ಮಿರಜಿನಲ್ಲಿ, ತಮ್ಮ ಅಣ್ಣನ ಮನೆಯ ಹತ್ತಿರ, ಮನೆ ಮಾಡಿದ್ದಾರೆ. ಗೊಂಬೆ ಕಾಲೇಜಿನದು, ಅದು ಹೋಗಲಿಲ್ಲ. ಆದರೆ ಅದರ ಅಂಗಿಯನ್ನು ಮಡಚಿ ತೆಗೆದುಕೊಂಡು ಹೋದರು. ಜೇಬಿನಲ್ಲಿ ಇನ್ನೂ ಶೇಂಗಾ ಸಿಪ್ಪೆ ಇತ್ತು.

ಇಷ್ಟು ಬರೆದು ತಿದ್ದಲು ತಂಗಿಗೆ ಕೊಟ್ಟೆ. ಅವಳು ಓದಿ ಮುಗಿಸಿ ಎದ್ದು ನನ್ನ ಬೆನ್ನ ಹಿಂದೆ ಬಂದು ನಿಂತಳು. ಎರಡೂ ಕೈಗಳಲ್ಲಿ ನನ್ನ ತಲೆ ಹಿಡಿದಳು.

"ಒಂದು ತಪ್ಪು ಬರದೀ, ಅಣ್ಣಾ."

"ಅಕ್ಷರ?"

"ಅಕ್ಷರ ಭಾಳ ತಪ್ಪ್ಯಾವ, ಅದಲ್ಲ. ಅವತ್ತ ಮೇಡಂ ಬ್ಯಾಡ ಅಂದ್ರಂತ ನಾ ಕೈ ಬಿಡಲಿಲ್ಲ ಅನ್ನೂಹಂಗ ಬರದೀ."

"ಮತ್ತ ಅವರು ಹಂಗ ಅಂದ್ರಲ್ಲ."

"ಮೊದಲ ಅಂದ್ರು. ಚಾ ಕುಡದು ಆದಮ್ಯಾಲೆ ನನ್ನ ಹಂತ್ಯಾಕ ಬಂದು, ಸಾಕು, ಬಿಡು, ಬೇಕಂದ್ರ ಎದ್ದು ಹೋಗು ಅಂದ್ರು. ನಿನ್ನ ಕಿವಿ ನನ್ನ ಕೈಯಾಗಿದ್ವು. ನಿನಗ ಕೇಳಸಲಿಲ್ಲ."